ಡಾಕ್ಟರು ಚೀಟಿಯಲ್ಲಿ ಬರೆದ ಉಪ್ಪು

ಹುನಗುಂದದ ಹೈಸ್ಕೂಲಿಗೆ ನಾನು ವಿಜ್ಞಾನದ ಮಾಸ್ತರನಾಗಿ ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಹತ್ತನೆಯ ತರಗತಿಗೆ ನಿರ್ನಾಳ ಗ್ರಂಥಿಗಳ ಪಾಠ ಇರುತ್ತಿತ್ತು. ಉಳಿದ ಪಾಠಗಳನ್ನು ಹೇಗೆ ಮಾಡುತ್ತಿದ್ದೆನೋ ಬೇರೆಯವರು ಹೇಳಬೇಕು. ಆ ಒಂದು ಪಾಠಕ್ಕೆ ಮಾತ್ರ ಪಕ್ಕದ ತರಗತಿಯ ಮಕ್ಕಳೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು, ಮತ್ತು ಅದು ನನಗೆ ಗೊತ್ತಿತ್ತು.

ಹಲಗೆಯ ಮೇಲೆ ಎರಡು ಮೂತ್ರಪಿಂಡ ಬರೆದು ಒಂದೊಂದರ ನೆತ್ತಿಗೆ ಒಂದೊಂದು ಟೋಪಿ ಇಡುತ್ತಿದ್ದೆ. ಇವೇ ಅಡ್ರಿನಲ್ ಗ್ರಂಥಿಗಳು ಎನ್ನುತ್ತಿದ್ದೆ. ಆಮೇಲೆ ನಾಯಿ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ನಾಯಿ ನಿಮ್ಮ ಬೆನ್ನು ಹತ್ತಿದೆ ಎಂದುಕೊಳ್ಳಿ. ಕೂಡಲೇ ಈ ಟೋಪಿಯ ಒಳಪದರ ಒಂದು ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆ. ಎದೆ ಡವಡವ ಬಡಿಯುತ್ತದೆ, ಅಂಗೈ ಬೆವರುತ್ತದೆ, ಯಕೃತ್ತಿನಲ್ಲಿ ಕೂಡಿಟ್ಟಿದ್ದ ಸಕ್ಕರೆ ರಕ್ತಕ್ಕೆ ಇಳಿಯುತ್ತದೆ, ಕಾಲಿಗೆ ಬಲ ಬರುತ್ತದೆ, ನೀವು ಓಡುತ್ತೀರಿ. ಇಷ್ಟು ಹೇಳಿ ಮೇಜಿನ ಸುತ್ತ ಒಂದು ಸುತ್ತು ಓಡಿಯೂ ತೋರಿಸುತ್ತಿದ್ದೆ. ಪಠ್ಯದಲ್ಲಿ ಅದನ್ನು ತುರ್ತುಪರಿಸ್ಥಿತಿಯ ಗ್ರಂಥಿ ಎಂದು ಕರೆದಿದ್ದರು. ದೇಶಕ್ಕೇ ತುರ್ತುಪರಿಸ್ಥಿತಿ ಬಂದ ಆ ವರ್ಷಗಳಲ್ಲಿ ಹೆಡ್‌ಮಾಸ್ತರರು ನನ್ನನ್ನು ಕೋಣೆಗೆ ಕರೆದು, ಆ ಶಬ್ದವನ್ನು ತುಸು ಮೆಲ್ಲಗೆ ಹೇಳಲು ಸೂಚಿಸಿದರು. ಮೆಲ್ಲಗೆ ಹೇಳಿದೆ. ಮಕ್ಕಳು ಇನ್ನೂ ಗಮನವಿಟ್ಟು ಕೇಳಿದರು.

ಆ ಗ್ರಂಥಿಗೆ ಒಂದು ಹೊರಪದರವೂ ಇದೆ. ಅದರ ಬಗ್ಗೆ ಪಠ್ಯದಲ್ಲಿ ಇದ್ದದ್ದು ಒಂದೇ ಸಾಲು. ಪರೀಕ್ಷೆಗೆ ಅದು ಬರುತ್ತಿರಲಿಲ್ಲ, ಹಾಗಾಗಿ ನಾನೂ ಅಲ್ಲಿ ನಿಲ್ಲುತ್ತಿರಲಿಲ್ಲ.

ನನ್ನ ಹೆಂಡತಿ ಬಾದಾಮಿ ಕಡೆಯ ಒಂದು ಹಳ್ಳಿಯವಳು. ನಮ್ಮದೂ ಅವರದೂ ಕುರುಬರ ದೇವರು ಬೀರಪ್ಪನ ಒಕ್ಕಲು. ನಮ್ಮಪ್ಪ ಕುರಿ ಮಾರಿ ಹೊಲ ಹಿಡಿದವನು, ನನ್ನ ಮಾವ ಹೊಲವಿದ್ದರೂ ಕುರಿ ಬಿಡದವನು. ಅವಳು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟಿದ್ದಳು. ಸಂಜೆ ಮನೆಗೆ ಬಂದ ಮೇಲೂ ಪಾಠ ಮಾಡುವ ಚಟ ನನಗಿತ್ತು, ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡು ನಡುವೆ ಒಂದು ಪ್ರಶ್ನೆ ಎಸೆಯುವ ಚಟ ಅವಳಿಗಿತ್ತು. ನಾಯಿಯ ಪಾಠವನ್ನು ಅವಳಿಗೂ ಮಾಡಿದ್ದೆ. ಎಲ್ಲ ಕೇಳಿ, ಹಂಚಿನ ಮೇಲಿನ ರೊಟ್ಟಿ ಹೊರಳಿಸಿ ಅವಳು ಅಂದಳು:

“ಆ ಗ್ರಂಥಿ ಕೆಲಸಾ ಮಾಡೂದು ಬಿಟ್ರ ಏನಾಗ್ತೈತ್ರಿ?”

“ಅದು ಪರೀಕ್ಷಾಕ್ಕ ಬರೂದಿಲ್ಲ,” ಅಂದೆ.

ಈ ಉತ್ತರವನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಮಗಳು ಹುಟ್ಟಿ ಎರಡು ವರ್ಷವಾದ ಮೇಲೆ ಹೆಂಡತಿಯ ಮೈ ಇಳಿಯತೊಡಗಿತು. ಎರಡು ಕೊಡ ನೀರು ಹೊತ್ತು ಹರಟೆ ಹೊಡೆಯುತ್ತ ಬರುತ್ತಿದ್ದವಳು ಅರ್ಧ ಕೊಡಕ್ಕೆ ಗೋಡೆ ಹಿಡಿಯುವಂತಾದಳು. ಬೆಳಿಗ್ಗೆ ಹಾಸಿಗೆಯಿಂದ ಒಮ್ಮೆಲೇ ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತದೆ ಎನ್ನುತ್ತಿದ್ದಳು. ನಾಷ್ಟಾ ತಡವಾದರೆ ಸಿಡುಕುತ್ತಿದ್ದಳು, ಕೈ ನಡುಗುತ್ತಿತ್ತು. ನಾನು ಇದನ್ನು ಸ್ವಭಾವ ಎಂದುಕೊಂಡೆ. ಗಂಡಸರಿಗೆ ಹೆಂಡತಿಯ ರೋಗಕ್ಕಿಂತ ಅವಳ ಸ್ವಭಾವ ಬೇಗ ಕಾಣುತ್ತದೆ.

ಜೊತೆಗೆ ಅವಳು ಕಪ್ಪಾಗತೊಡಗಿದಳು. ಗೋಧಿ ಬಣ್ಣದವಳು ವರ್ಷದೊಳಗೆ ಸುಟ್ಟ ಬೆಲ್ಲದ ಬಣ್ಣಕ್ಕೆ ಬಂದಳು. ಮಾಸ್ತರರು ಹೆಂಡತಿಯನ್ನು ಬಿಸಿಲಲ್ಲಿ ದುಡಿಸುತ್ತಾರೆ ಎಂದು ಓಣಿಯ ಹೆಂಗಸರು ಮಾತಾಡಿಕೊಂಡರು. ನನ್ನ ಅವ್ವ ಇಳಕಲ್ಲಿನ ಹತ್ತಿರದ ನಮ್ಮೂರಿನಿಂದ ಬಂದು ನೋಡಿ, ಇದು ಯಾರದೋ ಕಣ್ಣಿನ ನೆದರು ಬಿದ್ದದ್ದೇ ಎಂದು ತೀರ್ಮಾನಿಸಿದಳು. ಸೊಸೆಯನ್ನು ಹೊಸ್ತಿಲಲ್ಲಿ ಕೂರಿಸಿ, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಎಸೆದಳು. ಮೆಣಸಿನಕಾಯಿಯ ಘಾಟಿಗೆ ನಾವೆಲ್ಲ ಕೆಮ್ಮುತ್ತ ಹೊರಗೆ ಓಡಿದೆವು. ನನ್ನ ಹೆಂಡತಿ ಮಾತ್ರ ಕೂತಲ್ಲೇ ಕೂತು, ಬೆಂಕಿಯಲ್ಲಿ ಚಟಚಟಿಸುತ್ತಿದ್ದ ಉಪ್ಪನ್ನು ಬಂಗಾರ ಕಳೆದುಕೊಂಡವಳ ಹಾಗೆ ನೋಡುತ್ತಿದ್ದಳು.

ಯಾಕೆಂದರೆ ಅಷ್ಟರಲ್ಲಿ ಅವಳಿಗೆ ಉಪ್ಪಿನ ಹುಚ್ಚು ಹಿಡಿದಿತ್ತು.

ಮೊದಲು ಸಾರು ಉಪ್ಪಾಯಿತು, ಆಮೇಲೆ ಪಲ್ಯ. ಮಜ್ಜಿಗೆಗೆ ಹಾಕುವ ಚಿಟಿಕೆ ಹೋಗಿ ಮುಷ್ಟಿ ಬಂತು. ಉಪ್ಪಿನಕಾಯಿಯ ಭರಣಿಯಲ್ಲಿ ಹೋಳುಗಳೆಲ್ಲ ಇದ್ದು ರಸ ಮಾತ್ರ ಖಾಲಿಯಾಗುತ್ತಿತ್ತು. ಒಂದು ದಿನ ನಾನು ಅಡುಗೆಮನೆಗೆ ಸದ್ದಿಲ್ಲದೆ ಹೋದಾಗ, ಅವಳು ಹರಳುಪ್ಪಿನ ಒಂದು ಕಲ್ಲನ್ನು ಕಲ್ಲುಸಕ್ಕರೆಯಂತೆ ದವಡೆಗಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಉಪ್ಪು ಹೆಚ್ಚು ತಿಂದರೆ ರಕ್ತದೊತ್ತಡ ಏರುತ್ತದೆ ಎಂದು ನಾನು ಆರೋಗ್ಯದ ಪಾಠದಿಂದ ಒಂದು ಪುಟವನ್ನೇ ಹೇಳಿ, ಉಪ್ಪಿನ ಗಡಿಗೆಯನ್ನು ಎತ್ತಿ ನನ್ನ ಪುಸ್ತಕದ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ಅಡುಗೆಗೆ ಬೇಕಾದಷ್ಟನ್ನು ದಿನವೂ ನಾನೇ ತೆಗೆದುಕೊಡುತ್ತಿದ್ದೆ. ನಾಲ್ಕು ದಿನ ಮನೆ ಶಾಂತವಾಗಿತ್ತು. ಐದನೆಯ ದಿನ ಪಕ್ಕದ ಮನೆಯ ಮುದುಕಿ ನನ್ನನ್ನು ಓಣಿಯಲ್ಲೇ ನಿಲ್ಲಿಸಿ, ಮಾಸ್ತರರ ಮನೆಯಲ್ಲಿ ಉಪ್ಪಿಗೂ ಬರಗಾಲ ಬಂತೇ ಎಂದು ಕೇಳಿದಳು. ನನ್ನ ಹೆಂಡತಿ ದಿನಕ್ಕೊಂದು ಮನೆಯಿಂದ ಒಂದೊಂದು ಬಟ್ಟಲು ಕಡ ತಂದಿದ್ದಳು.

ತವರಿಗೆ ಹೋದಾಗ ಅವಳು ಇನ್ನೂ ಮುಂದೆ ಹೋದಳು. ಮಾವನ ಹಟ್ಟಿಯಲ್ಲಿ ಕುರಿಗಳಿಗೆ ನೆಕ್ಕಲು ಒಂದು ಮೂಲೆಯಲ್ಲಿ ಉಪ್ಪು ಇಟ್ಟಿರುತ್ತಿದ್ದರು. ಅಲ್ಲಿಂದ ಒಂದು ಗಡ್ಡೆ ತೆಗೆದು ಸೆರಗಿಗೆ ಕಟ್ಟಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ. ನನಗೆ ನಾಚಿಕೆಯಾಗಿ ಮಾವನ ಮುಂದೆ ದೂರು ಹೇಳಿದೆ. ಮಾವ ಉಣ್ಣೆಯ ಹುರಿ ಹೊಸೆಯುತ್ತ ಕೂತಿದ್ದವನು ಮಗಳನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

“ಕುರಿ ಮ್ಯಾಲಿಂದ ಮ್ಯಾಲೆ ಉಪ್ಪಿಗೆ ಬಂದ್ರ ನಾವು ಅದನ್ನ ಬಡಿಯೂದಿಲ್ರಿ ಮಾಸ್ತರ್ರ. ಅದರ ಮೈಯಾಗ ಏನೋ ಕಮ್ಮಿ ಬಿದ್ದೈತಿ ಅಂತ ತಿಳೀತೇವಿ.”

ಕುರಿಗೂ ಮನುಷ್ಯನಿಗೂ ಫರಕಿದೆ ಎಂದು ನಾನು ವಿನಯದಿಂದಲೇ ಹೇಳಿದೆ. ಅವನು ಒಪ್ಪಿಕೊಂಡ. ಕುರಿಗೆ ಬಿ.ಎಸ್ಸಿ. ಆದ ಗಂಡ ಇರುವುದಿಲ್ಲ ಎಂದು ಹೇಳಿ ಮತ್ತೆ ಹುರಿ ಹೊಸೆಯತೊಡಗಿದ. ಹೊರಡುವಾಗ ಮಗಳ ಗಂಟಿನಲ್ಲಿ ಜೋಳದ ಜೊತೆ ಒಂದು ಸಣ್ಣ ಪೊಟ್ಟಣವೂ ಇತ್ತು. ಅದರಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ.

ಆ ಶ್ರಾವಣದಲ್ಲಿ ಮಹಾಕೂಟಕ್ಕೆ ಹೋಗಿದ್ದೆವು. ದೇವರ ದರ್ಶನವಾಗುವವರೆಗೆ ಅವಳು ಏನೂ ತಿನ್ನುವವಳಲ್ಲ. ಚಿಕ್ಕಂದಿನಿಂದ ಸೋಮವಾರದ ಉಪವಾಸ ಮಾಡಿದವಳು, ಅವಳಿಗೆ ಅದೇನೂ ಹೊಸದಲ್ಲ. ಆದರೆ ಪಾಳಿಯಲ್ಲಿ ನಿಂತಿದ್ದಂತೆ ಅವಳ ಹಣೆ ತಣ್ಣಗೆ ಬೆವರಿತು. ನನ್ನನ್ನು ‘ಯಪ್ಪಾ’ ಎಂದು ಕರೆದು, ಕುರಿ ಎಣಿಸಿದಿಯೇನು ಎಂದು ಕೇಳಿದಳು. ನಾನು ನಗುವಷ್ಟರಲ್ಲಿ ಕಲ್ಲುಹಾಸಿನ ಮೇಲೆ ಕುಸಿದಳು. ಹೂವು ಕಾಯಿ ಮಾರುವ ಹೆಂಗಸೊಬ್ಬಳು ಓಡಿ ಬಂದು, ಬೆಲ್ಲ ಕದಡಿದ ನೀರನ್ನು ಬೆರಳಲ್ಲಿ ಅದ್ದಿ ಅವಳ ತುಟಿಯೊಳಗೆ ಸವರಿದಳು. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಉಳಿದ ನೀರನ್ನು ಕುಡಿದು ಎದ್ದು ಕೂತು, ಇವರೆಲ್ಲ ಯಾಕೆ ನನ್ನ ಸುತ್ತ ನಿಂತಿದ್ದಾರೆ ಎಂದು ಕೇಳಿದಳು.

ನಾನು ಅಲ್ಲೇ ಯೋಚಿಸಬೇಕಿತ್ತು. ಆ ಪಾಳಿಯಲ್ಲಿದ್ದ ಹೆಂಗಸರೆಲ್ಲ ಉಪವಾಸವೇ ಇದ್ದರು. ಊಟವಿಲ್ಲದಾಗ ದೇಹ ತನ್ನ ಸಕ್ಕರೆಯನ್ನು ತಾನೇ ನಿಭಾಯಿಸುತ್ತದೆ. ಇವಳ ದೇಹ ಯಾಕೆ ನಿಭಾಯಿಸಲಿಲ್ಲ? ವಿಜ್ಞಾನದ ಮಾಸ್ತರ ಕೇಳಬೇಕಾದ ಪ್ರಶ್ನೆ ಅದು. ನಾನು ಗದ್ದಲಕ್ಕೆ ಹೀಗಾಯಿತು ಎಂದು ಹೇಳಿ, ಬಾದಾಮಿಗೆ ಹೋಗುವ ಬಸ್ಸು ಹುಡುಕಲು ಹೋದೆ. ಊರಿಗೆ ಬಂದ ಮೇಲೆ ಅಶಕ್ತತೆ ಎಂದು ಒಬ್ಬ ಡಾಕ್ಟರರು ಕೆಂಪು ಟಾನಿಕ್ ಬರೆದುಕೊಟ್ಟರು. ಅವಳು ಅದನ್ನು ಕುಡಿದು, ಇದು ಸಿಹಿಯಾಗಿದೆ, ಉಪ್ಪಿನದು ಸಿಗುವುದಿಲ್ಲವೇ ಎಂದು ಕೇಳಿದಳು.

ಮುಂದಿನ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಓಣಿಯಲ್ಲಿ ಹತ್ತು ಜನರಿಗೆ ಬಂದಿದ್ದಂಥದೇ ಸಾಮಾನ್ಯ ಜ್ವರ. ಉಳಿದವರು ಮೂರು ದಿನ ಮಲಗಿ ಎದ್ದರು. ಇವಳು ಎರಡನೆಯ ದಿನ ವಾಂತಿ ಶುರು ಮಾಡಿದಳು, ಮೂರನೆಯ ದಿನ ನೀರೂ ಹೊಟ್ಟೆಯಲ್ಲಿ ನಿಲ್ಲದಾಯಿತು. ಮಗಳನ್ನು ಅವ್ವನ ಕೈಗೆ ಕೊಟ್ಟು, ಇವಳನ್ನು ಬಾಗಲಕೋಟೆಯ ಬಸ್ಸಿಗೆ ಹತ್ತಿಸಿದೆ. ಅಮೀನಗಡಕ್ಕೆ ಬರುವಷ್ಟರಲ್ಲಿ ಅವಳ ತಲೆ ನನ್ನ ಹೆಗಲ ಮೇಲೆ ನಿಲ್ಲದೆ ಜೋಲುತ್ತಿತ್ತು, ಕೂಗಿದರೆ ‘ಹೂಂ’ ಕೂಡ ಬರುತ್ತಿರಲಿಲ್ಲ. ಕಂಡಕ್ಟರ್ ಬಸ್ಸು ನಿಲ್ಲಿಸಿದ. ಎದುರಿನ ಕರದಂಟಿನ ಅಂಗಡಿಯವನು ಬೆಲ್ಲದ ಪಾಕ ಕಾಸುತ್ತಿದ್ದವನು, ನಾನು ಕೇಳುವ ಮೊದಲೇ ಒಂದು ಲೋಟದಲ್ಲಿ ಪಾಕಕ್ಕೆ ನೀರು ಬೆರೆಸಿ ತಂದ. ಮಹಾಕೂಟದ ಹೆಂಗಸು ಮಾಡಿದಂತೆಯೇ ಬೆರಳಿನಿಂದ ತುಟಿಯೊಳಗೆ ಸವರಿದೆ. ಅವಳು ಒಮ್ಮೆ ಕಣ್ಣು ತೆರೆದಳು. ಅಂಗಡಿಯವನು ದಾರಿಗಿರಲಿ ಎಂದು ಒಂದು ಕರದಂಟನ್ನೂ ಕಾಗದದಲ್ಲಿ ಸುತ್ತಿ ಕೊಟ್ಟ. ಬಾಗಲಕೋಟೆ ಮುಟ್ಟುವವರೆಗೆ ನಾನು ಅದನ್ನು ಮುಷ್ಟಿಯಲ್ಲೇ ಹಿಡಿದಿದ್ದೆ. ನನ್ನ ಎದೆ ಡವಡವ ಬಡಿಯುತ್ತಿತ್ತು, ಅಂಗೈ ಬೆವರುತ್ತಿತ್ತು, ಪಾಠದಲ್ಲಿ ಹೇಳಿದಂತೆಯೇ ಎಲ್ಲ ಆಗುತ್ತಿತ್ತು. ಓಡಲು ಮಾತ್ರ ಜಾಗವಿರಲಿಲ್ಲ.

ಅಲ್ಲಿನ ದವಾಖಾನೆಯ ಡಾಕ್ಟರರು ವಯಸ್ಸಾದವರು, ನಿಧಾನದ ಮನುಷ್ಯ. ಅವರು ಮೊದಲು ಅವಳ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗೆರೆಗಳೆಲ್ಲ ಮಸಿಯಲ್ಲಿ ಬರೆದಂತೆ ಕಪ್ಪಾಗಿದ್ದವು. ಪಕ್ಕದಲ್ಲಿದ್ದ ನರ್ಸಬಾಯಿಯ ಕೈಯನ್ನು ಜೊತೆಗಿಟ್ಟು ನೋಡಿದರು. ತುಟಿ ಸರಿಸಿ ಒಸಡು ನೋಡಿದರು, ಅಲ್ಲೂ ಕಪ್ಪು ಮಚ್ಚೆ. ಮುಂಗೈಯ ಮೇಲೆ ಹಂಚು ತಾಗಿ ಸುಟ್ಟ ಒಂದು ಹಳೆಯ ಕಲೆಯಿತ್ತು, ಅದು ಇದ್ದಿಲಿನಂತಾಗಿತ್ತು. ಬಿಸಿಲು ಬಡಿದರೆ ಅಂಗೈಯ ಗೆರೆಗೆ ಬಡಿಯುತ್ತದೆಯೇ ಎಂದು ನನ್ನನ್ನು ಕೇಳಿದರು. ರಕ್ತದೊತ್ತಡ ನೋಡಿದರು. ಏರಿರಬಹುದು ಎಂದು ನಾನು ಹೆದರಿದ್ದರೆ, ಅದು ನೆಲ ಹಿಡಿದಿತ್ತು. ಆಮೇಲೆ ಕೇಳಿದರು:

“ಉಪ್ಪು ತಿನ್ನೂ ಆಸಿ ಏನಾರ ಐತೇನ್ರಿ ಇವರಿಗೆ?”

ನನಗೆ ಮಾನದ ಚಿಂತೆ. ಹಾಗೇನಿಲ್ಲ, ಎಲ್ಲರಂತೆ ಎಂದೆ. ಮಂಚದ ಮೇಲಿಂದ, ದಾರಿಯುದ್ದಕ್ಕೂ ಮಾತೇ ಬಾರದಿದ್ದವಳು, ಕಣ್ಣು ಮುಚ್ಚಿಕೊಂಡೇ ಅಂದಳು:

“ಐತ್ರಿ ಸಾಹೇಬ್ರ. ಕೀಲಿ ಅವರ ಹಂತ್ಯಾಕ ಐತಿ.”

ಡಾಕ್ಟರರು ನರ್ಸಿಗೆ ಲಗುಬಗೆಯಿಂದ ಏನೇನೋ ಹೇಳಿದರು. ಲವಣದ ನೀರು ಮತ್ತು ಗ್ಲೂಕೋಸಿನ ಬಾಟಲಿ ಏರಿತು, ರಕ್ತ ತೆಗೆದರು, ಒಂದು ಸೂಜಿ ಚುಚ್ಚಿದರು. ಅದೆಲ್ಲ ಮುಗಿದ ಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಏನು ಕೆಲಸ ಎಂದು ಕೇಳಿದರು. ಹೇಳಿದೆ. ಹೇಳಬಾರದಿತ್ತು.

“ಮೂತ್ರಪಿಂಡದ ಮ್ಯಾಲೆ ಕುಂತ ಗ್ರಂಥಿ ಯಾವ್ದ್ರಿ ಮಾಸ್ತರ್ರ?”

ನಾನು ಎದ್ದು ನಿಂತು ಉತ್ತರ ಹೇಳಿದೆ. ಅವರು ಕೂರಲು ಹೇಳಲಿಲ್ಲ, ಮುಂದೆ ಹೇಳಿ ಎಂದರು. ನಾನು ಒಳಪದರ, ಎದೆಬಡಿತ, ಯಕೃತ್ತಿನ ಸಕ್ಕರೆ ಎಂದು ನಾಯಿಯವರೆಗೆ ಬಂದೆ. ಹೊರಪದರ ಏನು ಮಾಡುತ್ತದೆ ಎಂದರು. ಪಠ್ಯದ ಆ ಒಂದು ಸಾಲನ್ನು ಹೇಳಿದೆ: ದೇಹದ ಲವಣ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ. ಲವಣ ಅಂದರೆ ನಮ್ಮ ಮನೆಯ ಟ್ರಂಕಿನಲ್ಲಿದ್ದದ್ದು. ಸಕ್ಕರೆ ಅಂದರೆ ಮಹಾಕೂಟದ ಬೆಲ್ಲದ ನೀರು.

“ನಾಯಿ ಬೆನ್ನು ಹತ್ತಿದ ದಿನದ ಪಾಠ ಚಲೋ ಹೇಳ್ತೀರಿ,” ಅವರು ಅಂದರು. “ನಾಯಿ ಇಲ್ಲದ ದಿನಾ ಮನಿ ಯಾರು ನಡಸ್ತಾರ ಅನ್ನೂದನ್ನ ಹೇಳೂದಿಲ್ಲ. ನಡಸೂದು ಈ ಹೊರಪದರ. ಹೊಟ್ಟಿ ಖಾಲಿ ಇದ್ದಾಗ ಸಕ್ರಿ ಇಳೀದಂಗ ಕಾಯ್ತೈತಿ, ಯಕೃತ್ತಿಗೆ ಹೊಸಾ ಸಕ್ರಿ ಮಾಡಾಕ ಹಚ್ಚತೈತಿ. ನಿಮ್ಮ ಮನಿಯವರದು ಎರಡೂ ಪದರ ಹೋಗ್ಯಾವು. ಪುಸ್ತಕದಾಗ ಒಂದ ಸಾಲು ಐತಿ ಖರೆ, ಉಳಿದದ್ದನ್ನ ಅವರು ನಿಮಗ ಎರಡು ವರ್ಷದಿಂದ ಓದಿ ಹೇಳಾಕತ್ತಾರ.”

ಆಮೇಲೆ ಅವರೇ ಕನಿಕರಪಟ್ಟು ಕೂರಿಸಿ ಚಹಾ ತರಿಸಿದರು, ಉಳಿದದ್ದನ್ನೂ ಬಿಡಿಸಿ ಹೇಳಿದರು. ಮೆದುಳಿನ ಬುಡದಲ್ಲಿ ಒಂದು ಸಣ್ಣ ಗ್ರಂಥಿ ಇದೆ. ಅದು ಅಡ್ರಿನಲ್ಲಿಗೆ ಕೆಲಸ ಮಾಡು ಎಂದು ಹುಕುಂ ಕಳಿಸುತ್ತದೆ. ಕೆಲಸ ಆಗದಿದ್ದರೆ ಮತ್ತೆ ಮತ್ತೆ ಕಳಿಸುತ್ತದೆ. ಆ ಹುಕುಮಿನ ರಸ ರಕ್ತದಲ್ಲಿ ಹೆಚ್ಚಾಗಿ ಚರ್ಮವನ್ನೂ ಕಪ್ಪಾಗಿಸುತ್ತದೆ. ಜ್ವರ ಬಂದಾಗ ದೇಹಕ್ಕೆ ಈ ರಸ ಮಾಮೂಲಿಗಿಂತ ಹೆಚ್ಚು ಬೇಕು, ಇವಳಲ್ಲಿ ಮಾಮೂಲಿನಷ್ಟೂ ಇರಲಿಲ್ಲ, ಅದಕ್ಕೇ ಕುಸಿದಳು. ಗ್ರಂಥಿ ಯಾಕೆ ಸತ್ತಿತು ಎಂಬುದಕ್ಕೆ ಎರಡು ದಿನದಲ್ಲಿ ಉತ್ತರ ಸಿಕ್ಕಿತು. ಚಿಕ್ಕವಳಿದ್ದಾಗ ಅವಳ ಕೊರಳಲ್ಲಿ ಗಂಡಮಾಲೆಯ ಗಂಟು ಎದ್ದು ತಾನೇ ಇಳಿದಿತ್ತು. ಅದು ಕ್ಷಯ. ಕೊರಳಿಂದ ಹೋದದ್ದು ಮೈಯೊಳಗೆ ಉಳಿದು, ವರ್ಷಗಟ್ಟಲೆ ಆ ಎರಡು ಗ್ರಂಥಿಗಳನ್ನು ತಿಂದಿತ್ತು. ಎಕ್ಸ್‌ರೇಯಲ್ಲಿ ಮೂತ್ರಪಿಂಡಗಳ ಮೇಲೆ ಸುಣ್ಣದ ಚುಕ್ಕೆ ಕಾಣಿಸಿದವು. ನಾನು ಹಲಗೆಯ ಮೇಲೆ ಟೋಪಿ ಬರೆಯುತ್ತಿದ್ದ ಜಾಗದಲ್ಲೇ ಇದ್ದವು.

ಸೂಜಿ ಚುಚ್ಚಿದ ದಿನವೇ ಸಂಜೆಯೊಳಗೆ ಅವಳು ಕಣ್ಣು ತೆರೆದು, ನೀವು ಉಂಡಿರೋ ಇಲ್ಲವೋ ಎಂದು ಕೇಳಿದ್ದಳು. ನನ್ನ ಮುಷ್ಟಿಯಲ್ಲಿ ಮೆತ್ತಗಾಗಿದ್ದ ಕರದಂಟನ್ನು ತೋರಿಸಿದೆ. ಅರ್ಧ ಅವಳು ತಿಂದಳು, ಅರ್ಧ ನಾನು. ಅದಕ್ಕಿಂತ ರುಚಿಯಾದ ಕರದಂಟನ್ನು ನಾನು ಆಮೇಲೆ ತಿಂದಿಲ್ಲ. ನನ್ನ ಬೆವರಿನ ಉಪ್ಪು ಹತ್ತಿದ್ದರಿಂದ ಅವಳಿಗೂ ಸೇರಿರಬೇಕು.

ಎಂಟು ದಿನ ಅಲ್ಲಿದ್ದೆವು. ಬಿಡುಗಡೆಯ ದಿನ ಡಾಕ್ಟರರು ಚೀಟಿ ಬರೆದರು. ಕ್ಷಯಕ್ಕೆ ಒಂದೂವರೆ ವರ್ಷದ ಔಷಧ. ಗ್ರಂಥಿಯ ರಸದ ಬದಲಿಗೆ ಸಣ್ಣ ಗುಳಿಗೆ, ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ, ಜೀವ ಇರುವವರೆಗೆ. ಉಪವಾಸ ಬಂದ್. ಜ್ವರ ಬಂದರೆ ಗುಳಿಗೆ ಇಮ್ಮಡಿ. ಲವಣವನ್ನು ಮೈಯಲ್ಲಿ ಹಿಡಿದಿಡುವ ಗುಳಿಗೆ ಆಗ ನಮ್ಮ ಕಡೆ ಸಿಗುತ್ತಿರಲಿಲ್ಲ. ಅದಕ್ಕಾಗಿ ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ‘ಉಪ್ಪು, ಬೇಕಾದಷ್ಟು’ ಎಂದು ಬರೆದು ಕೆಳಗೆ ಸಹಿ ಹಾಕಿದರು.

ಅವಳಿಗೆ ಓದಲು ಬರುತ್ತಿತ್ತು. ಆದರೂ ಬಸ್ಸಿನಲ್ಲಿ ನನ್ನ ಕೈಗೆ ಚೀಟಿ ಕೊಟ್ಟು ಕೊನೆಯ ಸಾಲು ಓದಿಸಿದಳು. ಅಕ್ಷರ ಸರಿಯಾಗಿ ತಿಳಿಯಲಿಲ್ಲ ಎಂದು ಮತ್ತೊಮ್ಮೆ ಓದಿಸಿದಳು. ಮನೆಗೆ ಬಂದು ಅದನ್ನು ಒಲೆಯ ಪಕ್ಕದ ಮೊಳೆಗೆ ಸಿಕ್ಕಿಸಿದಳು. ನಾನು ಟ್ರಂಕು ತೆಗೆದು, ನನ್ನ ಪದವಿಯ ಪ್ರಮಾಣಪತ್ರದ ಮೇಲೆ ಕೂತಿದ್ದ ಉಪ್ಪಿನ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಗೆ ತಂದಿಟ್ಟೆ. ಪ್ರಮಾಣಪತ್ರದ ಮೇಲೆ ಒಂದು ದುಂಡನೆಯ ಕಲೆ ಉಳಿದಿದೆ, ಈಗಲೂ ಇದೆ. ಸುದ್ದಿ ತಿಳಿದು ಮಾವ ಬಂದ. ಏನೂ ಹಂಗಿಸಲಿಲ್ಲ. ಒಲೆಯ ಹತ್ತಿರ ಕೂತು, ಆ ಚೀಟಿಯನ್ನು ಓದಲು ಬಾರದವನು ಬಹಳ ಹೊತ್ತು ನೋಡಿದ.

ಮೊದಲ ಕೆಲವು ತಿಂಗಳು ಗುಳಿಗೆಯ ಪ್ರಮಾಣ ತುಸು ಹೆಚ್ಚೇ ಇತ್ತು. ಅವಳ ಕೆನ್ನೆ ತುಂಬಿ ಮುಖ ಹುಣ್ಣಿಮೆಯಾಯಿತು, ಒಪ್ಪತ್ತಿಗೆ ನಾಲ್ಕು ರೊಟ್ಟಿ ಹೋಗುತ್ತಿದ್ದವು. ಮಾಸ್ತರರು ಈಗ ಹೆಂಡತಿಗೆ ಹೊಟ್ಟೆಗೆ ಹಾಕುತ್ತಾರೆ ಎಂದು ಓಣಿಗೆ ಸಮಾಧಾನವಾಯಿತು. ಆದರೆ ಈ ರಸ ಕಡಿಮೆಯಾದರೆ ಸಕ್ಕರೆ ಇಳಿಯುವಂತೆ, ಹೆಚ್ಚಾದರೆ ಏರುತ್ತದೆ. ಮೂತ್ರದಲ್ಲಿ ಸಕ್ಕರೆ ಕಾಣುತ್ತದೆಯೋ ನೋಡುತ್ತಿರಿ ಎಂದು ಡಾಕ್ಟರರು ಹೇಳಿದ್ದರು. ಅದಕ್ಕೆ ಬೇಕಾದ, ಸಕ್ಕರೆ ಇದ್ದರೆ ಬಣ್ಣ ಬದಲಿಸುವ ನೀಲಿ ದ್ರಾವಣ ಸಾಲಿಯ ಪ್ರಯೋಗಶಾಲೆಯಲ್ಲಿ ಇತ್ತು. ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲಿ ಸ್ಪಿರಿಟ್ ದೀಪ ಹಚ್ಚಿ ಪ್ರನಾಳ ಕಾಯಿಸುತ್ತಿದ್ದೆ. ನೀಲಿ ಹಸಿರಾಯಿತು, ಹಸಿರು ಹಳದಿಗೆ ತಿರುಗಿತು. ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದರು. ರಜೆಯಲ್ಲೂ ದುಡಿಯುವ ನನ್ನನ್ನು ಮೆಚ್ಚಿ, ಪ್ರನಾಳವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, ಇದು ಯಾವ ಹಣ್ಣಿನ ರಸ ಎಂದು ಕೇಳಿದರು. ಮನೆಯದು ಎಂದೆ. ಅವರು ಮೂಗಿನ ಹತ್ತಿರ ಒಯ್ದರು. ನಾನು ಹಲಗೆಯ ಕಡೆ ತಿರುಗಿ, ಬರೆಯದಿದ್ದದ್ದನ್ನು ಒರೆಸತೊಡಗಿದೆ. ಮುಂದಿನ ವಾರ ಡಾಕ್ಟರರು ಗುಳಿಗೆ ಇಳಿಸಿದರು, ದ್ರಾವಣ ಮತ್ತೆ ನೀಲಿಯಾಗಿಯೇ ಉಳಿಯಿತು. ಕೆನ್ನೆಗಳು ತಮ್ಮ ಮಾಮೂಲಿ ಅಳತೆಗೆ ಬಂದವು. ಬಣ್ಣ ಮಾತ್ರ ನಿಧಾನವಾಗಿ, ಒಂದೆರಡು ವರ್ಷದಲ್ಲಿ ತಿಳಿಯಾಯಿತು.

ತರಗತಿಯಲ್ಲಿ ಆ ಒಂದು ಸಾಲಿಗೆ ನಾನು ಪೂರ್ತಿ ಒಂದು ಅವಧಿ ಕೊಡತೊಡಗಿದೆ. ಹೆಸರು ಹೇಳದೆ, ಒಬ್ಬ ಗೃಹಿಣಿ ಎಂದು ಕಥೆ ಹೇಳುತ್ತಿದ್ದೆ. ನನ್ನ ಜಾಣತನ ಎಷ್ಟು ಗುಟ್ಟಾಗಿತ್ತೆಂದರೆ, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗಿ, ಹೊರಪದರದ ರಸ ಕಡಿಮೆಯಾದರೆ ಆಗುವ ಪರಿಣಾಮಗಳನ್ನು ವಿವರವಾಗಿ ಬರೆದು, ‘ಉದಾಹರಣೆ: ನಮ್ಮ ಸರ್ ಅವರ ಮನೆಯವರು. ಸರ್ ಅವರಿಗೆ ಇದು ಗೊತ್ತಾಗಿರಲಿಲ್ಲ’ ಎಂದು ಮುಗಿಸಿದ್ದಳು. ಪೂರ್ಣ ಅಂಕ ಕೊಡದೆ ಗತ್ಯಂತರವಿರಲಿಲ್ಲ.

ಡಾಕ್ಟರರು ನನಗೆ ಇನ್ನೊಂದು ವಿದ್ಯೆಯನ್ನೂ ಕಲಿಸಿದ್ದರು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ತಡಮಾಡದೆ ಸೂಜಿ ಚುಚ್ಚಬೇಕು, ಆಮೇಲೆ ದವಾಖಾನೆಗೆ ಓಡಬೇಕು. ಗಾಜಿನ ಸಿರಿಂಜು, ಔಷಧದ ಸೀಸೆ ಇದ್ದ ಸ್ಟೀಲಿನ ಡಬ್ಬಿಯೊಂದು ನಮ್ಮ ಜೊತೆಗೇ ಇರುತ್ತಿತ್ತು. ಚುಚ್ಚುವುದನ್ನು ನಾನು ಬದನೆಕಾಯಿಯ ಮೇಲೆ ಕಲಿತೆ. ಒಂದು ವಾರ ದಿನಕ್ಕೆ ಆರು ಬದನೆಕಾಯಿಗೆ ನೀರು ಚುಚ್ಚುತ್ತಿದ್ದೆ, ಅವಳು ಅವನ್ನೇ ಎಣ್ಣೆಗಾಯಿ ಮಾಡಿ ಬಡಿಸುತ್ತಿದ್ದಳು. ಮಸಾಲೆ ಒಳಗೆ ಚೆನ್ನಾಗಿ ಇಳಿಯುತ್ತದೆ, ನಿಮ್ಮ ವಿದ್ಯೆ ದಂಡವಾಗಲಿಲ್ಲ ಎನ್ನುತ್ತಿದ್ದಳು.

ಎಂಬತ್ತರ ದಶಕದ ನಡುವೆ ಇಳಕಲ್ಲಿನಲ್ಲಿ ನನ್ನ ತಂಗಿಯ ಮಗಳ ಮದುವೆ. ಎರಡು ದಿನ ಮೊದಲೇ ಹೋಗಿ, ಮಗ್ಗದ ಮನೆಗಳ ನಡುವೆ ತಿರುಗಿ, ಸೀರೆಯ ಸೆರಗು ಜಗ್ಗಿ ನೋಡಿ, ಮೂರು ಮನೆಯವರನ್ನು ಸುಸ್ತು ಮಾಡಿ ಬಂದಿದ್ದಳು ನನ್ನ ಹೆಂಡತಿ. ಮದುವೆಯ ದಿನ ಬೆಳಿಗ್ಗೆ ವಾಂತಿ ಭೇದಿ ಎರಡೂ ಹಿಡಿದವು. ನುಂಗಿದ ಗುಳಿಗೆ ಹೊರಗೆ ಬಂತು, ಇನ್ನೊಂದು ಕೊಟ್ಟರೆ ಅದೂ ಬಂತು. ಗಂಡಸರೆಲ್ಲ ಗಂಡಿನವರನ್ನು ಎದುರುಗೊಳ್ಳಲು ಹೋಗಿದ್ದರು, ಹೆಂಗಸರು ಮದುಮಗಳನ್ನು ಕರೆದುಕೊಂಡು ಗುಡಿಗೆ ಹೋಗಿದ್ದರು. ಮನೆಯಲ್ಲಿ ನಾನು, ನನ್ನ ತಂಗಿ, ಮತ್ತು ಹೊರಗೆ ಬ್ಯಾಂಡಿನವರು. ವಾಹನ ತರಲು ಬ್ಯಾಂಡಿನವರಲ್ಲೇ ಒಬ್ಬನನ್ನು ಓಡಿಸಿ, ತಂಗಿ ಕುದಿಸಿ ಕೊಟ್ಟ ಸಿರಿಂಜಿಗೆ ಔಷಧ ಎಳೆದೆ.

ಇಷ್ಟು ಸರಿಯಾಗಿ ಮಾಡಿದೆ. ಆಮೇಲೆ ನನ್ನ ಕೈ ನಡುಗತೊಡಗಿತು. ಬದನೆಕಾಯಿ ಯಾವತ್ತೂ ನನ್ನನ್ನು ಕಣ್ಣು ಬಿಟ್ಟು ನೋಡಿರಲಿಲ್ಲ. ಇವಳು ನೋಡುತ್ತಿದ್ದಳು. ತುಟಿ ಒಣಗಿತ್ತು, ದನಿ ಬಾವಿಯ ತಳದಿಂದ ಬಂದಂತಿತ್ತು.

“ನಿಮ್ಮ ಗ್ರಂಥಿ ಭಾಳ ಚಲೋ ಕೆಲಸಾ ಮಾಡಾಕತ್ತೈತಿ ನೋಡ್ರಿ,” ಅಂದಳು. ನಾನು ಇನ್ನೂ ನಿಂತೇ ಇದ್ದದ್ದನ್ನು ನೋಡಿ, “ನಾ ಏನ್ ಅಂಜೂದಿಲ್ಲ. ಅಂಜಾಕ ಬೇಕಾದದ್ದು ನನ್ನ ಹಂತ್ಯಾಕ ಇಲ್ಲ. ಚುಚ್ಚರಿ,” ಅಂದಳು.

ಚುಚ್ಚಿದೆ. ಔಷಧವೆಲ್ಲ ಒಳಗೆ ಹೋಯಿತು. ಸೂಜಿ ತೆಗೆದು ಡಬ್ಬಿಯಲ್ಲಿಟ್ಟದ್ದು ನೆನಪಿದೆ. ಮುಂದೆ ನೆನಪಿರುವುದು ನಾನು ನೆಲದ ಮೇಲಿದ್ದದ್ದು, ತಂಗಿ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದದ್ದು, ಅಣ್ಣಾ ಅಣ್ಣಾ ಎಂದು ಅಳುತ್ತಿದ್ದದ್ದು. ವಾಹನ ತಂದವರು ಬಾಗಿಲಲ್ಲಿ ನಿಂತು ನೋಡಿ, ಸೀದಾ ನನ್ನನ್ನು ಎತ್ತಲು ಬಂದರು. ಮಂಚದ ಮೇಲಿಂದ ನನ್ನ ಹೆಂಡತಿ, ಅವರಿಗೆ ಏನೂ ಆಗಿಲ್ಲ, ಒಯ್ಯಬೇಕಾದದ್ದು ನನ್ನನ್ನು ಎಂದು ತಿಳಿಸಿ ಹೇಳಬೇಕಾಯಿತು.

ಊರಿನ ದವಾಖಾನೆಯಲ್ಲಿ ಬಾಟಲಿ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣಿಗೆ ಕಳೆ ಬಂತು. ಸೂಜಿ ಮೊದಲೇ ಬಿದ್ದದ್ದರಿಂದ ಜೀವ ಉಳಿಯಿತು ಎಂದು ಅಲ್ಲಿನ ಡಾಕ್ಟರರು ಹೇಳಿದರು. ಅವಳು ಅದನ್ನು ಆಮೇಲೆ ಬಂದವರಿಗೆಲ್ಲ ತಾನೇ ಹೇಳಿದಳು. ನನ್ನ ಗಂಡ ಚುಚ್ಚಿದ್ದು ಎಂದಳು, ನೆಲದ ವಿಷಯ ಎತ್ತಲಿಲ್ಲ. ತಂಗಿ ಮಾತ್ರ ಎತ್ತಿದಳು.

ಅಕ್ಷತೆ ಮುಗಿದ ಮೇಲೆ ಮದುಮಕ್ಕಳು ಬಾಸಿಂಗ ಕಟ್ಟಿಕೊಂಡೇ ದವಾಖಾನೆಗೆ ಬಂದರು, ಅತ್ತಿಯ ಆಶೀರ್ವಾದ ಬೇಕೆಂದು. ಜೊತೆಗೆ ಫೋಟೋದವನೂ ಬಂದ. ಬಾಟಲಿ ತೂಗುಹಾಕುವ ಕಂಬವನ್ನು ಅಷ್ಟರಲ್ಲಿ ಇನ್ನೊಬ್ಬ ರೋಗಿಗೆ ಒಯ್ದಿದ್ದರು, ಹಾಗಾಗಿ ಬಾಟಲಿ ಎತ್ತಿ ಹಿಡಿದು ನಾನೇ ನಿಂತಿದ್ದೆ. ಆ ಫೋಟೋ ಅವರ ಮದುವೆಯ ಆಲ್ಬಮ್ಮಿನಲ್ಲಿದೆ. ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು, ದಿಂಬಿಗೆ ಒರಗಿ, ಅಕ್ಕಿಕಾಳು ಎಸೆಯುತ್ತಿರುವ ನನ್ನ ಹೆಂಡತಿ ಬೀಗತಿಯಂತೆ ಕಾಣುತ್ತಾಳೆ. ಆಲ್ಬಮ್ ನೋಡಿದ ಹೊಸಬರು ಪುಟ ತಿರುವುವ ಮೊದಲು ಬೆರಳಿಟ್ಟು ಕೇಳುವುದು ನನ್ನನ್ನು: ಪಾಪ, ಹಿಂದೆ ನಿಂತವರಿಗೆ ಏನು ಕಾಯಿಲೆ ಇತ್ತು?